ಮುಗಿಲೆತ್ತರಕ್ಕೆ ಕಾಂಕ್ರೀಟ್: ಏರಿಸುವುದು ಹೇಗೆ, ಗಟ್ಟಿಯಾಗುವವರೆಗೆ ಹೊರುವುದು ಹೇಗೆ

ಒಂದು ಘನ ಮೀಟರ್ ಹಸಿ ಕಾಂಕ್ರೀಟ್ ಸುಮಾರು 2,400 ಕಿಲೋ ತೂಗುತ್ತದೆ. ಗಗನಚುಂಬಿ ಕಟ್ಟಡದಲ್ಲಿ ಪಂಪು, ಪೈಪು, ಶಟರಿಂಗು (ಹಸಿ ಕಾಂಕ್ರೀಟಿನ ಅಚ್ಚು), ಪ್ರಾಪು (ಅಚ್ಚಿಗೆ ಕೆಳಗಿನಿಂದ ಕೊಡುವ ತಾತ್ಕಾಲಿಕ ಊರುಗಂಬ) ಅಂತ ಹೆಸರು ಎಷ್ಟೇ ಇದ್ದರೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಗಳಿಗೆಯಲ್ಲಿ ಆ ತೂಕ ಯಾವುದರ ಮೇಲೆ ಕೂತಿದೆ? ಪೈಪಿನಲ್ಲಿರುವಾಗ ಪಂಪು ಮತ್ತು ಪೈಪು ಮೇಲಕ್ಕೆ ತಿರುಗುವ ತಳದ ಬೆಂಡಿನ ಮೇಲೆ. ಗೋಡೆಯ ಅಚ್ಚಿನಲ್ಲಿರುವಾಗ ಅಚ್ಚಿನ ಎರಡು ಬದಿಗಳನ್ನು ಬಿಗಿದಿಡುವ ಟೈ ರಾಡುಗಳ ಮೇಲೆ. ಸ್ಲ್ಯಾಬ್ ಆಗಿ ಹರಡಿದ ಮೇಲೆ ಪ್ರಾಪುಗಳ ಮೇಲೆ, ಅವುಗಳ ಮೂಲಕ ಕೆಳಗಿನ ಎಳೆಯ ಸ್ಲ್ಯಾಬುಗಳ ಮೇಲೆ. ಈ ದಾರಿಯನ್ನು ಕೆಲಸ ಶುರುವಾಗುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿರಬೇಕು. ಮೇಲಿನ ಮಹಡಿಯಲ್ಲಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಬಹುಪಾಲು ನೆಲದ ಮಟ್ಟದಲ್ಲಿ ಮಾಡದೆ ಬಿಟ್ಟ ಕೆಲಸದಿಂದಲೇ ಹುಟ್ಟುತ್ತವೆ.

ಒತ್ತಡದ ಲೆಕ್ಕ

ನಿಂತ ಪೈಪಿನಲ್ಲಿ ಒಂದೊಂದು ಮೀಟರ್ ಎತ್ತರದ ಕಾಂಕ್ರೀಟೂ ತಳಕ್ಕೆ 0.235 ಬಾರ್ ಒತ್ತಡ ಕೊಡುತ್ತದೆ (ಒಂದು ಬಾರ್ ಅಂದರೆ ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). 100 ಮೀಟರಿಗೆ 23.5 ಬಾರ್, 300 ಮೀಟರಿಗೆ 70 ದಾಟುತ್ತದೆ. ಇದು ಬರೀ ತೂಕದ ಒತ್ತಡ, ಪಂಪು ನಿಂತಿದ್ದಾಗಲೂ ಇರುತ್ತದೆ. ದುಬೈನ ಬುರ್ಜ್ ಖಲೀಫಾದಲ್ಲಿ ಕಾಂಕ್ರೀಟನ್ನು ನಡುವೆ ಎಲ್ಲೂ ಇಳಿಸದೆ ಒಂದೇ ಹಂತದಲ್ಲಿ 606 ಮೀಟರ್ ಎತ್ತರಕ್ಕೆ ಏರಿಸಿದರು. ಅಲ್ಲಿ ತೂಕವೊಂದೇ 142 ಬಾರ್. ಅದಕ್ಕಾಗಿಯೇ 350 ಬಾರ್ ತನಕ ಒತ್ತಡ ಕೊಡಬಲ್ಲ ಪಂಪುಗಳನ್ನು, 150 ಮಿ.ಮೀ. ವ್ಯಾಸದ ಪೈಪ್ ಲೈನನ್ನು ಬಳಸಲಾಯಿತು.

ತೂಕದ ಮೇಲೆ ಘರ್ಷಣೆ ಸೇರುತ್ತದೆ. 125 ಮಿ.ಮೀ. ಪೈಪಿನಲ್ಲಿ ಗಂಟೆಗೆ 30 ಘನ ಮೀಟರ್ ಹರಿಸುವಾಗ ಮಿಶ್ರಣ ಹೇಗಿದೆ ಎನ್ನುವುದರ ಮೇಲೆ ಮೀಟರಿಗೆ 0.1ರಿಂದ 0.2 ಬಾರ್ ಹಿಡಿಯಬಹುದು. 250 ಮೀಟರ್ ಕಟ್ಟಡದ ಉದಾಹರಣೆ ನೋಡೋಣ. ನೆಲದ ಮೇಲೆ 60 ಮೀಟರ್ ಅಡ್ಡ ಪೈಪು, 250 ಮೀಟರ್ ನಿಲುವು ಪೈಪು. ತೊಂಬತ್ತು ಡಿಗ್ರಿಯ ಎಂಟು ಬೆಂಡುಗಳಿಗೆ ತಲಾ 3 ಮೀಟರಿನಂತೆ 24 ಮೀಟರ್. ತುದಿಯ 5 ಮೀಟರ್ ರಬ್ಬರ್ ಹೋಸಿಗೆ ಮೂರರಷ್ಟು, ಅಂದರೆ 15 ಮೀಟರ್. ಘರ್ಷಣೆಯ ಲೆಕ್ಕಕ್ಕೆ ಒಟ್ಟು ಸುಮಾರು 350 ಮೀಟರ್. ಮೀಟರಿಗೆ 0.12 ಬಾರ್ ಅಂದರೆ ಘರ್ಷಣೆ 42 ಬಾರ್, ತೂಕ 59 ಬಾರ್, ಪಂಪಿನ ಒಳಗಿನ ನಷ್ಟಕ್ಕೂ ನಿಂತ ಕಾಂಕ್ರೀಟನ್ನು ಮತ್ತೆ ಚಲಿಸುವಂತೆ ಮಾಡುವುದಕ್ಕೂ 20 ಬಾರ್. ಕೂಡಿದರೆ 121. ಮಿಶ್ರಣ ಬಿಗಿಯಾದ ದಿನಕ್ಕೆಂದು ಶೇ. 30 ಮೀಸಲಿಟ್ಟರೆ 157 ಬಾರ್ ಬರುತ್ತದೆ. 100 ಬಾರಿನ ಪಂಪು ಇಲ್ಲಿ ಬೇಡವೇ ಬೇಡ.

ಎಂಜಿನ್ ಸಾಲುತ್ತದೆಯೇ ಎಂದು ನೋಡಲು ಗಂಟೆಯ ಘನ ಮೀಟರನ್ನು ಬಾರಿನಿಂದ ಗುಣಿಸಿ 25ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 30 × 121 ÷ 25, ಅಂದರೆ ಸುಮಾರು 145 ಕಿಲೋವ್ಯಾಟ್. ಎಂಜಿನ್ ಶಕ್ತಿ ಇಷ್ಟೇ ಇದ್ದು ಎತ್ತರ ಹೆಚ್ಚಾದರೆ ಗಂಟೆಯ ಪ್ರಮಾಣ ಇಳಿಯಲೇಬೇಕು. ಪಂಪಿನ ಹಾಳೆಯಲ್ಲಿ ಬರೆದಿರುವ ಗರಿಷ್ಠ ಒತ್ತಡವೂ ಗರಿಷ್ಠ ಪ್ರಮಾಣವೂ ಒಟ್ಟಿಗೆ ಸಿಗುವುದಿಲ್ಲ. ಇದನ್ನು ಮರೆತು ದಿನದ ವೇಳಾಪಟ್ಟಿ ಹಾಕಿದರೆ ಕಾಂಕ್ರೀಟ್ ತರುವ ಟ್ರಾನ್ಸಿಟ್ ಮಿಕ್ಸರ್ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಲ್ಲುತ್ತವೆ, ಒಳಗಿನ ಕಾಂಕ್ರೀಟ್ ಹಳೆಯದಾಗುತ್ತದೆ, ಪೈಪು ಕಟ್ಟಿಕೊಳ್ಳುವುದು ಆಗಲೇ.

ಮೀಟರಿಗೆ ಎಷ್ಟು ಬಾರ್ ಎನ್ನುವ ಸಂಖ್ಯೆಯನ್ನು ಪುಸ್ತಕದಿಂದ ಎತ್ತಿಕೊಳ್ಳುವುದಕ್ಕಿಂತ ನೆಲದ ಮೇಲೆ ಪರೀಕ್ಷಾ ಲೈನ್ ಹಾಸಿ ಅಳೆಯುವುದು ಮೇಲು. ಬುರ್ಜ್ ಖಲೀಫಾದಲ್ಲೂ ಕೆಲಸಕ್ಕೆ ಮೊದಲು ಸಾಕಷ್ಟು ಬೆಂಡುಗಳಿದ್ದ 600 ಮೀಟರ್ ಲೈನನ್ನು ನೆಲದ ಮೇಲೇ ಹಾಸಿ ಪಂಪ್ ಮಾಡಿ ನೋಡಿದ್ದರು. ನಿಮ್ಮ ಜಲ್ಲಿ, ನಿಮ್ಮ ಮರಳು, ನಿಮ್ಮ ಸಿಮೆಂಟಿನಿಂದಲೇ ಮಾಡಿದ ಕಾಂಕ್ರೀಟಿಗೆ ಎರಡು ಕಡೆ ಗೇಜ್ ಕೂರಿಸಿ ಓದಿಕೊಂಡರೆ ಮುಂದಿನ ಎಲ್ಲ ಲೆಕ್ಕವೂ ನಿಜಕ್ಕೆ ಹತ್ತಿರವಾಗುತ್ತದೆ.

ಪೈಪ್ ಲೈನ್ ಹಾಸುವುದು

ಪಂಪನ್ನು ಕಟ್ಟಡದ ಬುಡಕ್ಕೇ ತಂದು ನಿಲ್ಲಿಸಿ ನೇರ ಮೇಲಕ್ಕೆ ಪೈಪು ಎಬ್ಬಿಸಬೇಡಿ. ಒಟ್ಟು ಎತ್ತರದ ಶೇ. 15ರಿಂದ 25ರಷ್ಟು ಉದ್ದದ ಅಡ್ಡ ಪೈಪು ಮೊದಲು ಬೇಕು. ಪಂಪಿನ ಎರಡು ಸಿಲಿಂಡರುಗಳನ್ನು ಸರದಿಯಂತೆ ಲೈನಿಗೆ ಜೋಡಿಸುವ ಎಸ್ ಪೈಪು ಆಚೀಚೆ ತಿರುಗುವ ಕ್ಷಣದಲ್ಲಿ ಮೇಲಿನ ಕಾಂಕ್ರೀಟ್ ಹಿಂದಕ್ಕೆ ಒತ್ತುತ್ತದೆ. ಅಡ್ಡ ಪೈಪಿನ ಘರ್ಷಣೆ ಆ ಒತ್ತನ್ನು ತಡೆಹಿಡಿಯುತ್ತದೆ. ಪಂಪಿನಿಂದ 5–10 ಮೀಟರಿನೊಳಗೆ ಹೈಡ್ರಾಲಿಕ್ ಗೇಟ್ ವಾಲ್ವ್ ಒಂದು, ನಿಲುವು ಪೈಪಿನ ಬುಡದಲ್ಲಿ ಇನ್ನೊಂದು ಇರಲಿ. ಪಂಪು ಕೆಟ್ಟರೆ, ತೊಳೆಯಬೇಕಾದರೆ, ಅಡ್ಡ ಲೈನ್ ಬಿಚ್ಚಬೇಕಾದರೆ ಮೇಲಿನ ಅಷ್ಟೂ ಕಾಂಕ್ರೀಟನ್ನು ಹಿಡಿದು ನಿಲ್ಲಿಸುವುದು ಈ ವಾಲ್ವುಗಳು ಮಾತ್ರ.

ಬುಡದ ಬೆಂಡಿನ ವಿಷಯದಲ್ಲಿ ಉದಾಸೀನ ಕೂಡದು. 125 ಮಿ.ಮೀ. ಪೈಪಿನ ಒಳಗಿನ ಅಡ್ಡಕೊಯ್ತ 123 ಚದರ ಸೆಂ.ಮೀ. ಒತ್ತಡ 120 ಬಾರ್ ಇದ್ದರೆ ಬೆಂಡಿನ ಒಂದೊಂದು ಬಾಯಿಯ ದಿಕ್ಕಿನಲ್ಲೂ ಸುಮಾರು 15 ಟನ್ ತಳ್ಳು ಬರುತ್ತದೆ, ಎರಡೂ ಸೇರಿ ಓರೆಯಾಗಿ 21 ಟನ್. ಅದೂ ಪಂಪಿನ ಪಿಸ್ಟನ್ನಿನ ಒಂದೊಂದು ಸ್ಟ್ರೋಕಿಗೆ (ತಳ್ಳಿಗೆ) ಒಮ್ಮೆ, ದಿನವಿಡೀ. ಬೆಂಡಿನ ಸುತ್ತ ಒಂದು ಘನ ಮೀಟರ್ ಕಾಂಕ್ರೀಟ್ ಸುರಿದು ಕೆಲಸ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಆ ಗುಡ್ಡೆ ತೂಗುವುದೇ 2.4 ಟನ್, 21 ಟನ್ ತಳ್ಳಿಗೆ ಅದು ಜಾರುತ್ತದೆ. ಹಾಗಾಗಿ ಬ್ಲಾಕಿನ ಕಂಬಿಗಳನ್ನು ಕೆಳಗಿನ ಅಡಿಪಾಯದ ರಾಫ್ಟಿಗೋ ಸ್ಲ್ಯಾಬಿಗೋ ಆಳವಾಗಿ ಕೂರಿಸಿರಬೇಕು. ಬೆಂಡನ್ನೇ ಕಾಂಕ್ರೀಟಿನಲ್ಲಿ ಹೂತರೆ ಸವೆದಾಗ ಬದಲಿಸಲಾಗದು. ಬ್ಲಾಕಿಗೆ ಉಕ್ಕಿನ ತೊಟ್ಟಿಲು ಕೂರಿಸಿ, ಬೆಂಡನ್ನು ಅದಕ್ಕೆ ಬೋಲ್ಟಿನಿಂದ ಬಿಗಿಯಿರಿ.

ನಿಲುವು ಪೈಪಿನ ಸ್ವಂತ ತೂಕವೂ ಸಣ್ಣದಲ್ಲ. 7 ಮಿ.ಮೀ. ದಪ್ಪದ ಪೈಪು, ಒಳಗಿನ ಕಾಂಕ್ರೀಟ್ ಸೇರಿ ಮೀಟರಿಗೆ 52 ಕಿಲೋ ಆಗುತ್ತದೆ. 250 ಮೀಟರಿಗೆ 13 ಟನ್. ಇದನ್ನೆಲ್ಲ ಬುಡದ ಬೆಂಡಿನ ಮೇಲೆ ಹೇರದೆ 3 ಮೀಟರಿನ ಪ್ರತಿ ಪೈಪನ್ನೂ ಗೋಡೆಗೆ ಆಂಕರ್ ಮಾಡಿದ ಬ್ರಾಕೆಟ್ಟಿಗೆ ಕಟ್ಟಬೇಕು. ಬ್ರಾಕೆಟ್ ಸಡಿಲವಿದ್ದರೆ ಸ್ಟ್ರೋಕಿನ ಎಳೆತಕ್ಕೆ ಪೈಪು ಕುಣಿಯುತ್ತದೆ, ಕುಣಿತಕ್ಕೆ ಜಾಯಿಂಟ್ ಬಿಡುತ್ತದೆ. ಶೆಲ್ ಕ್ಲ್ಯಾಂಪ್ ಮಾಮೂಲು ಒತ್ತಡಕ್ಕೆ ಸಾಕು. ಕೆಳಗಿನ ಅಧಿಕ ಒತ್ತಡದ ಭಾಗಕ್ಕೆ ಬೋಲ್ಟ್ ಹಾಕುವ ಫ್ಲ್ಯಾಂಜ್, ಅದರೊಳಗೆ ಓ-ರಿಂಗ್. ದಪ್ಪವನ್ನೂ ಹಾಗೆಯೇ ಹಂಚಿ: ಕೆಳಗೆ 7 ಮಿ.ಮೀ. ಮತ್ತು ಮೇಲ್ಪಟ್ಟು, ಒತ್ತಡ ಇಳಿಯುವ ಮೇಲಿನ ಮಹಡಿಗಳಲ್ಲಿ 4.5 ಮಿ.ಮೀ. ಆದೀತು.

ಸಣ್ಣ ಸೋರಿಕೆಯನ್ನು ಕಣ್ಣಿಟ್ಟು ನೋಡಿ. ಮೊದಲು ಕ್ಲ್ಯಾಂಪಿನ ಕೆಳಗೆ ಬೂದು ಬಣ್ಣದ ಹನಿಯೊಂದು ತೊಟ್ಟಿಕ್ಕುತ್ತದೆ. ಹತ್ತು ನಿಮಿಷ ಬಿಟ್ಟು ಬಂದರೆ ಗೋಡೆಯ ಮೇಲೆ ಅಂಗೈ ಅಗಲದ ತೇವ. ಹೊರಗೆ ಬರುತ್ತಿರುವುದು ನೀರಷ್ಟೇ ಅಲ್ಲ, ಸಿಮೆಂಟ್ ಹಾಲು. ಒಳಗೆ ಆ ಜಾಗದಲ್ಲಿ ಜಲ್ಲಿಯ ಸುತ್ತಲಿನ ಅಂಟು ಕಡಿಮೆಯಾಗುತ್ತ ಕಲ್ಲಿಗೆ ಕಲ್ಲು ತಾಗುತ್ತದೆ. ತಾಗಿದ ಕಲ್ಲುಗಳ ಹಿಂದೆ ಇನ್ನಷ್ಟು ಬಂದು ಕೂರುತ್ತವೆ. ಹಿಂದಿನಿಂದ ಪಂಪು ಒತ್ತಿದಷ್ಟೂ ಅವು ಪೈಪಿನ ಗೋಡೆಗೆ ಬಿಗಿಯಾಗುತ್ತವೆ, ಆಮೇಲೆ ಯಾವ ಒತ್ತಡಕ್ಕೂ ಕದಲುವುದಿಲ್ಲ. ಕಾರಣ ಹುಡುಕಿದರೆ ಸಿಗುವುದು ಹರಿದ ಗ್ಯಾಸ್ಕೆಟ್ ಒಂದು, ಇಲ್ಲವೇ ಹಿಂದಿನ ದಿನದ ಒಣ ಕಾಂಕ್ರೀಟ್ ತೆಗೆಯದೆ ಮುಚ್ಚಿದ ಕ್ಲ್ಯಾಂಪ್.

ಅಡ್ಡ ಪೈಪಿನ ತಳಭಾಗವೂ ಬೆಂಡುಗಳ ಹೊರಬಾಗೂ ಬೇಗ ಸವೆಯುತ್ತವೆ. ಅಲ್ಟ್ರಾಸಾನಿಕ್ ಗೇಜಿನಿಂದ ದಪ್ಪ ಅಳೆದು ದಾಖಲಿಸಿ, ಅಡ್ಡ ಪೈಪುಗಳನ್ನು ಆಗಾಗ ತಿರುಗಿಸಿ ಕೂರಿಸಿ. ಪಂಪಿನ ಒಳಗೆ ಎಸ್ ಪೈಪಿನ ಬಾಯಿಯ ರಿಂಗಿಗೂ ಅದು ಉಜ್ಜುವ ಸ್ಪೆಕ್ಟಕಲ್ ಪ್ಲೇಟಿಗೂ ನಡುವೆ ಸಂದಿ ಬಿದ್ದರೆ ಅಲ್ಲಿಯೂ ಸಿಮೆಂಟ್ ಹಾಲು ಹಿಂದಕ್ಕೆ ಸೋರುತ್ತದೆ. ಎತ್ತರದ ಕೆಲಸಕ್ಕೆ ಮೊದಲು ಅವನ್ನು ಬದಲಿಸಿಯೇ ಶುರು ಮಾಡುವುದು ಒಳ್ಳೆಯದು.

ಪಂಪಿಗೆ ಒಗ್ಗುವ ಮಿಶ್ರಣ

ಪೈಪಿನಲ್ಲಿ ಕಾಂಕ್ರೀಟ್ ಒಂದು ಗಟ್ಟಿ ದಿಂಡಿನ ಹಾಗೆ ಜಾರುತ್ತದೆ. ಗೋಡೆಗೆ ಅಂಟಿಕೊಂಡ ತೆಳು ಸಿಮೆಂಟ್ ಹಾಲಿನ ಪದರ ಅದಕ್ಕೆ ಎಣ್ಣೆಯ ಕೆಲಸ ಮಾಡುತ್ತದೆ. ಆ ಪದರ ಕಡಿಯದೆ ಉಳಿಯಬೇಕಾದರೆ ನುಣುಪು ಕಣ ಬೇಕು. ಮರಳಿನಲ್ಲಿ 300 ಮೈಕ್ರಾನ್ ಜರಡಿ ದಾಟುವುದು ಶೇ. 15–30, 150 ಮೈಕ್ರಾನ್ ದಾಟುವುದು ಶೇ. 5–10 ಇರಲಿ. ಕಡಿಮೆಯಾದರೆ ಹಾರುಬೂದಿ ಅಥವಾ ಕಬ್ಬಿಣದ ಕುಲುಮೆಯ ಸ್ಲ್ಯಾಗ್ ಪುಡಿಯಿಂದ ತುಂಬಿ. ಸಿಮೆಂಟ್ ವರ್ಗದ ಪುಡಿಗಳೂ ನುಣ್ಣನೆ ಮರಳೂ ಸೇರಿ ಘನ ಮೀಟರಿಗೆ 400–450 ಕಿಲೋಗಿಂತ ಕೆಳಗಿಳಿದರೆ ಎತ್ತರದಲ್ಲಿ ಕಷ್ಟ. ಬೇಕಾದ ಶಕ್ತಿಗೆ ಇಷ್ಟು ಸಿಮೆಂಟ್ ಸಾಕು ಎನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಪಂಪಿಗೆ ಬೇಕಾದುದು ಶಕ್ತಿಯಲ್ಲ, ಜಾರುವ ಗುಣ.

ಒಡೆದ ಜಲ್ಲಿಯ ಗರಿಷ್ಠ ಗಾತ್ರ ಪೈಪಿನ ವ್ಯಾಸದ ಮೂರನೇ ಒಂದು ಭಾಗ ಮೀರಬಾರದು ಎನ್ನುವುದು ಹಳೆಯ ನಿಯಮ. ಎತ್ತರದ ಕಟ್ಟಡದಲ್ಲಿ ಅಷ್ಟು ದೂರ ಹೋಗುವ ಪ್ರಶ್ನೆಯೇ ಇಲ್ಲ. ಬುರ್ಜ್ ಖಲೀಫಾದಲ್ಲಿ ಮೇಲಕ್ಕೆ ಹೋದಂತೆ 20 ಮಿ.ಮೀ. ಜಲ್ಲಿಯಿಂದ ಶುರುವಾಗಿ ಕಡೆಗೆ 10 ಮಿ.ಮೀ.ಗೆ ಇಳಿದರು. ಹರಿವಿಗೆ ಸ್ಲಂಪಿಗಿಂತ (ಶಂಕುವಿನ ಅಚ್ಚು ಎತ್ತಿದಾಗ ಕಾಂಕ್ರೀಟ್ ಎಷ್ಟು ಕುಸಿಯಿತು) ಸ್ಲಂಪ್ ಫ್ಲೋ (ಎಷ್ಟು ಅಗಲ ಹರಡಿತು) ಅಳತೆ ಸರಿ, 550–650 ಮಿ.ಮೀ. ಸಾಮಾನ್ಯ ಗುರಿ. ಅದಕ್ಕಿಂತ ತೆಳುವಾದರೆ ಒತ್ತಡದಲ್ಲಿ ನೀರು ಬೇರ್ಪಡುವ ಭಯ, ಅದನ್ನು ಒತ್ತಡದ ಬ್ಲೀಡ್ ಪರೀಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಬೇಕು.

ಎಲ್ಲರೂ ಮರೆಯುವುದು ಒಣ ಜಲ್ಲಿಯನ್ನು. ಘನ ಮೀಟರಿನಲ್ಲಿ 1,000 ಕಿಲೋ ಜಲ್ಲಿ ಇದ್ದು ಅದು ಇನ್ನೂ ಶೇ. 1 ನೀರು ಹೀರಬಲ್ಲದಾದರೆ 10 ಲೀಟರ್ ಹೋಯಿತು. ನೆಲದ ಮೇಲೆ ನಿಧಾನವಾಗಿ ಹೀರುವುದನ್ನು 120 ಬಾರ್ ಒತ್ತಡದಲ್ಲಿ ಕಲ್ಲು ಸರಸರನೆ ಹೀರಿಬಿಡುತ್ತದೆ. ಹಾಪರಿನಲ್ಲಿ (ಪಂಪಿಗೆ ಕಾಂಕ್ರೀಟ್ ಸುರಿಯುವ ತೊಟ್ಟಿಯಲ್ಲಿ) ಚೆನ್ನಾಗಿದ್ದ ಕಾಂಕ್ರೀಟ್ ಮೇಲೆ ಬರುವಾಗ ಬಿಗಿಯಾಗುವುದಕ್ಕೆ ಇದೇ ಕಾರಣ. ಜಲ್ಲಿಯ ರಾಶಿಗೆ ಹಿಂದಿನ ದಿನವೇ ನೀರು ಚಿಮುಕಿಸಿ, ಮಿಶ್ರಣದಲ್ಲಿ ಆ ತೇವವನ್ನು ಲೆಕ್ಕಕ್ಕೆ ಹಿಡಿಯಿರಿ. ಹಾಪರಿಗೆ ಪೈಪ್ ಹಿಡಿದು ನೀರು ಬಿಡುವುದು ಇದಕ್ಕೆ ಪರಿಹಾರವಲ್ಲ. 450 ಕಿಲೋ ಪುಡಿಗೆ 160 ಲೀಟರ್ ನೀರಿದ್ದ ಮಿಶ್ರಣಕ್ಕೆ ಮತ್ತೆ 10 ಲೀಟರ್ ಸೇರಿದರೆ ಅನುಪಾತ 0.36ರಿಂದ 0.38ಕ್ಕೆ ಏರುತ್ತದೆ, ಶಕ್ತಿ ಇಳಿಯುತ್ತದೆ, ಸಾಲದ್ದಕ್ಕೆ ಜಲ್ಲಿ ಬೇರೆಯಾಗಿ ಪೈಪೂ ಕಟ್ಟಿಕೊಳ್ಳುತ್ತದೆ. ಸರಿಮಾಡಲೇಬೇಕಿದ್ದರೆ ನೀರು ಸೇರಿಸದೆ ಹರಿವು ಹೆಚ್ಚಿಸುವ ರಾಸಾಯನಿಕವಾದ, ಅಳೆದ ಪ್ರಮಾಣದ ಸೂಪರ್‌ಪ್ಲಾಸ್ಟಿಸೈಜರನ್ನು ಟ್ರಾನ್ಸಿಟ್ ಮಿಕ್ಸರಿಗೆ ಹಾಕಿ ಡ್ರಮ್ಮನ್ನು ಪೂರ್ತಿ ವೇಗದಲ್ಲಿ ತಿರುಗಿಸಿ. ಬಿಸಿಲಿನ ದಿನಗಳಲ್ಲಿ ನೀರಿನ ಒಂದಷ್ಟು ಭಾಗಕ್ಕೆ ಬದಲಾಗಿ ಮಂಜುಗಡ್ಡೆ, ಪೈಪಿಗೆ ಒದ್ದೆ ಗೋಣಿ, ಸಾಧ್ಯವಾದರೆ ರಾತ್ರಿ ಕೆಲಸ.

ಸ್ಲಂಪ್ ಫ್ಲೋವನ್ನು ಪಂಪಿನ ಬಳಿಯೂ ಹೋಸಿನ ತುದಿಯಲ್ಲೂ ಅಳೆದು ಒಂದೇ ಹಾಳೆಯಲ್ಲಿ ಬರೆಯಿರಿ. ಎರಡರ ನಡುವಿನ ಅಂತರ ಗಂಟೆಯಿಂದ ಗಂಟೆಗೆ ಹಿಗ್ಗುತ್ತಿದ್ದರೆ ಪೈಪು ಕಟ್ಟುವ ಮುನ್ಸೂಚನೆ ಅದು.

ಪಂಪ್ ಮಾಡುವ ದಿನ

ಮೊದಲು ಒಣ ಪೈಪನ್ನು ತೇವ ಮಾಡಬೇಕು. ನೀರು ಬಿಟ್ಟು, ಹಿಂದೆಯೇ ಸ್ಪಂಜ್ ಚೆಂಡು, ಅದರ ಹಿಂದೆ ಸಿಮೆಂಟ್–ಮರಳಿನ ತೆಳು ಗಾರೆ. ಗಾರೆ ಎಷ್ಟು? ಪೈಪಿನ ಒಳಮೈಗೆ 2 ಮಿ.ಮೀ. ಪದರ ಎಂದರೆ ಸುಮಾರು 320 ಮೀಟರ್ ನಿಜವಾದ ಉದ್ದಕ್ಕೆ 0.25 ಘನ ಮೀಟರ್ ಸಾಕಾಗುತ್ತದೆ. ಆದರೆ ಜಾಯಿಂಟುಗಳಲ್ಲಿ ಉಳಿಯುವುದು, ಮುಂದಿನ ನೀರಿನೊಡನೆ ಬೆರೆಯುವುದು ಎಲ್ಲ ಸೇರಿ 1ರಿಂದ 1.5 ಘನ ಮೀಟರ್ ಇಟ್ಟುಕೊಂಡೇ ಶುರು ಮಾಡಿ. ಜುಗ್ಗತನ ತೋರಿಸುವ ಜಾಗ ಇದಲ್ಲ. ಮೇಲೆ ಬಂದ ಈ ಗಾರೆಯನ್ನು ಬಕೆಟ್ಟಿಗೆ ಹಿಡಿದು ಹೊರಹಾಕಿ. ಕಂಬಕ್ಕೋ ಲಿಫ್ಟು, ಮೆಟ್ಟಿಲುಗಳ ಸುತ್ತಲಿನ ಕೋರ್ ಗೋಡೆಗೋ ಹೋಗಬಾರದು.

ಶುರುವಾಗುವಾಗ ಹೋಸಿನ ತುದಿಯ ಹತ್ತಿರ ಯಾರೂ ನಿಲ್ಲಕೂಡದು. ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಒತ್ತಡದಲ್ಲಿ ಕುಗ್ಗಿ, ತುದಿಗೆ ಬಂದೊಡನೆ ಒಮ್ಮೆಗೇ ಹಿಗ್ಗುತ್ತದೆ. ಆಗ ಹೋಸು ಚಾಟಿಯಂತೆ ಬೀಸಿ ಮನುಷ್ಯನನ್ನು ಸ್ಲ್ಯಾಬಿನಿಂದ ಆಚೆಗೆ ಎಸೆಯಬಲ್ಲದು. ಹೋಸು ಬೀಸಿಯೂ ಮುಟ್ಟದಷ್ಟು ದೂರ ಬಿಡಬೇಕು. ಕೆಲಸದ ಮಧ್ಯೆ ಗಾಳಿ ಸೇರುವುದು ಹಾಪರಿನಿಂದಲೇ: ಕಾಂಕ್ರೀಟ್ ಮಟ್ಟ ಕಲಕುವ ಶಾಫ್ಟಿಗಿಂತ ಕೆಳಗಿಳಿಯಲು ಬಿಟ್ಟರೆ ಸಿಲಿಂಡರ್ ಗಾಳಿ ಎಳೆಯುತ್ತದೆ. ಹಾಪರಿನ ಜಾಲರಿಯನ್ನು ಯಾವ ಕಾರಣಕ್ಕೂ ಎತ್ತಬೇಡಿ.

ಪಂಪ್ ಆಪರೇಟರಿಗೆ ಮೇಲಿನವರು ಕಾಣುವುದಿಲ್ಲ. ಹೋಸು ಹಿಡಿದವರ ಬಳಿ ಒಬ್ಬರು, ಪಂಪಿನ ಬಳಿ ಒಬ್ಬರು, ಅವರಿಬ್ಬರಿಗೆ ಮಾತ್ರ ಮೀಸಲಾದ ವಾಕಿಟಾಕಿ ಚಾನೆಲ್ ಒಂದು. ‘ನಿಲ್ಲಿಸು’ ಎಂದು ಯಾರು ಕೂಗಿದರೂ ನಿಲ್ಲಿಸಬೇಕು. ‘ಶುರು ಮಾಡು’ ಎನ್ನುವ ಅಧಿಕಾರ ಮಾತ್ರ ಒಬ್ಬರದೇ. ಮಿಕ್ಸರ್ ತಡವಾದರೆ ಹಾಪರಿನಲ್ಲಿರುವುದನ್ನು ಉಳಿಸಿಕೊಂಡು ಐದರಿಂದ ಹತ್ತು ನಿಮಿಷಕ್ಕೊಮ್ಮೆ ಒಂದೆರಡು ಸ್ಟ್ರೋಕ್ ಹಿಂದೆ, ಒಂದೆರಡು ಮುಂದೆ ಆಡಿಸುತ್ತಿರಿ. ಸುಮ್ಮನೆ ನಿಂತ ಕಾಂಕ್ರೀಟಿನಲ್ಲಿ ಕಲ್ಲು ಕೆಳಗಿಳಿದು ಬೆಂಡಿನಲ್ಲಿ ಕೂರುತ್ತದೆ.

ಪೈಪು ಕಟ್ಟಿತೋ ಇಲ್ಲವೋ ಎನ್ನುವುದನ್ನು ಗೇಜ್ ಹೇಳುತ್ತದೆ. ಸರಿಯಿದ್ದಾಗ ಮುಳ್ಳು ಪ್ರತಿ ಸ್ಟ್ರೋಕಿಗೂ ಏರಿ ಇಳಿಯುತ್ತದೆ. ಏರುವ ಎತ್ತರ ಸ್ಟ್ರೋಕಿನಿಂದ ಸ್ಟ್ರೋಕಿಗೆ ಹೆಚ್ಚುತ್ತ ಹೋದರೆ ಆಗಲೇ ನಿಧಾನಿಸಿ, ಗರಿಷ್ಠ ಮುಟ್ಟುವವರೆಗೆ ಕಾಯಬೇಡಿ. ಎರಡು ಮೂರು ಸ್ಟ್ರೋಕ್ ಹಿಂದಕ್ಕೆ ಎಳೆದು, ಹಾಪರಿನಲ್ಲಿ ಕಲಸಿ, ಮೆಲ್ಲಗೆ ಮತ್ತೆ ಮುಂದಕ್ಕೆ. ಮೂರು ಸಲ ಮಾಡಿಯೂ ಬಿಡದಿದ್ದರೆ ನಿಲ್ಲಿಸಿ; ನಾಲ್ಕನೆಯದು ಅಡಚಣೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ ಅಷ್ಟೆ. ಅದು ಎಲ್ಲಿದೆ ಎಂದು ಹುಡುಕುವುದು ಕಷ್ಟವಲ್ಲ. ಪಂಪು ಒತ್ತಿದಾಗ ಅಡಚಣೆಯ ತನಕ ಪೈಪು ಜಗ್ಗುತ್ತದೆ, ಅದರಾಚೆ ತೆಪ್ಪಗಿರುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಕಲ್ಲು ಬಿಗಿದ ಜಾಗದಲ್ಲಿ ಸದ್ದು ಮಂದವಾಗುತ್ತದೆ.

ಬಿಚ್ಚುವ ಮೊದಲು ಹಿಂದಕ್ಕೆ ಪಂಪ್ ಮಾಡಿ ಒತ್ತಡ ಇಳಿಸಿ, ಗೇಜ್ ಸೊನ್ನೆ ತೋರಿಸುವುದನ್ನು ಕಣ್ಣಾರೆ ನೋಡಿ. ಅಡಚಣೆ ಅಡ್ಡ ಲೈನಿನಲ್ಲಿದ್ದರೆ ನಿಲುವು ಪೈಪಿನ ಬುಡದ ವಾಲ್ವ್ ಮುಚ್ಚಿದ ಮೇಲೆಯೇ ಕ್ಲ್ಯಾಂಪಿಗೆ ಕೈ ಹಾಕಬೇಕು. ನಿಲುವು ಪೈಪಿನಲ್ಲೇ ಇದ್ದರೆ ಅಪಾಯ ದೊಡ್ಡದು: ಅಡಚಣೆಯ ಕೆಳಗೆ ಬಿಚ್ಚಿದರೆ ಅದರ ಮೇಲಿನ ಅಷ್ಟೂ ಕಾಂಕ್ರೀಟ್ ಒಮ್ಮೆಗೇ ಕೆಳಗೆ ಬರಬಹುದು. ಕೆಳಗಿನ ಜಾಗ ಖಾಲಿ ಮಾಡಿಸಿ, ಪಕ್ಕದಲ್ಲಿ ನಿಂತು ನಿಧಾನವಾಗಿ ಸಡಿಲಿಸಿ, ಮುಖ ಜಾಯಿಂಟಿನ ನೇರಕ್ಕೆ ಇರದಿರಲಿ.

ಕೆಲಸ ಮುಗಿಯುವ ಹೊತ್ತಿಗೆ ಇನ್ನೊಂದು ಲೆಕ್ಕ ಬೇಕು. ಸುಮಾರು 320 ಮೀಟರ್ ನಿಜವಾದ ಉದ್ದದ ಲೈನಿನೊಳಗೆ 3.9 ಘನ ಮೀಟರ್ ಕಾಂಕ್ರೀಟ್ ಇರುತ್ತದೆ. ಕಡೆಯ ಮಿಕ್ಸರನ್ನು ಹೇಳುವಾಗ ಇದನ್ನು ಕಳೆದು ಹೇಳಿ. ಲೈನ್ ಖಾಲಿ ಮಾಡಲು ಎರಡು ದಾರಿ. ಕೆಳಗಿನಿಂದ ಬಿಗಿಯಾದ ಸ್ಪಂಜ್ ಚೆಂಡುಗಳ ಹಿಂದೆ ನೀರು ಪಂಪ್ ಮಾಡಿ ಮೇಲಕ್ಕೆ ತಳ್ಳಬಹುದು. ಚೆಂಡು ಸಡಿಲವಿದ್ದರೆ ನೀರು ಮುಂದೆ ನುಗ್ಗಿ ಸಿಮೆಂಟ್ ತೊಳೆದುಹೋಗಿ ಬರೀ ಜಲ್ಲಿ ಉಳಿದು ಅಲ್ಲೇ ಕಟ್ಟುತ್ತದೆ. ಇಲ್ಲವೇ ಬುಡದ ವಾಲ್ವ್ ಮುಚ್ಚಿ, ಕೆಳಗಿನ ಪೈಪನ್ನು ಖಾಲಿ ಮಿಕ್ಸರಿನ ಕಡೆ ತಿರುಗಿಸಿ, ಮೇಲಿನಿಂದ ಚೆಂಡು ಹಾಕಿ, ವಾಲ್ವನ್ನು ಕೂದಲೆಳೆಯಷ್ಟೇ ತೆರೆಯುತ್ತ ತೂಕದಿಂದಲೇ ಇಳಿಸಬಹುದು. ವಾಲ್ವಿನ ಹಿಂದೆ 59 ಬಾರ್ ಇದೆ ಎಂಬುದು ನೆನಪಿರಲಿ. ಕಂಪ್ರೆಸರ್ ಗಾಳಿಯಿಂದ ಎತ್ತರದ ಲೈನ್ ತೊಳೆಯುವುದು ಬೇಡ. ಕುಗ್ಗಿದ ಗಾಳಿ ನೀರಿನ ಹಾಗಲ್ಲ, ಬಿಟ್ಟ ತಕ್ಷಣ ಚೆಂಡನ್ನೂ ಉಳಿದ ಜಲ್ಲಿಯನ್ನೂ ಗುಂಡಿನಂತೆ ಹಾರಿಸುತ್ತದೆ.

ಮೇಲೆ ಹಂಚುವುದಕ್ಕೆ ಪ್ಲೇಸಿಂಗ್ ಬೂಮ್ (ಪೈಪು ಹೊತ್ತ ಮಡಚುವ ತೋಳು) ಇರುತ್ತದೆ. ಅದರ ಕಂಬ ಮಹಡಿಗಳ ತೂತಿನ ಮೂಲಕ ಹಾದು, ಎರಡು ಮಹಡಿಗಳಲ್ಲಿ ಬೆಣೆ ಬಿಗಿದು ನಿಲ್ಲುತ್ತದೆ, ಹೈಡ್ರಾಲಿಕ್ ಜಾಕಿನಿಂದ ತಾನೇ ಮೇಲೇರುತ್ತದೆ. ಬೆಣೆ ಒತ್ತುವ ಸ್ಲ್ಯಾಬ್ ಎಷ್ಟು ದಿನದ್ದು ಎಂದು ಕೇಳದೆ ಏರಿಸಬಾರದು.

ಗೋಡೆಯ ಅಚ್ಚು, ಏರುವ ಅಚ್ಚು

ಚೆನ್ನಾಗಿ ಹರಿಯುವ ಕಾಂಕ್ರೀಟ್ ಅಚ್ಚಿಗೆ ದ್ರವದ ಒತ್ತಡವನ್ನೇ ಕೊಡುತ್ತದೆ: ಮೀಟರ್ ಆಳಕ್ಕೆ ಚದರ ಮೀಟರಿಗೆ 24 ಕಿಲೋನ್ಯೂಟನ್. 4 ಮೀಟರ್ ಗೋಡೆಯನ್ನು ಒಮ್ಮೆಗೇ ತುಂಬಿದರೆ ತಳದಲ್ಲಿ 96. ಸಾಮಾನ್ಯ 15 ಮಿ.ಮೀ. ಟೈ ರಾಡಿನ ಅನುಮತಿಸಿದ ಭಾರ 90 ಕಿಲೋನ್ಯೂಟನ್. ಹಾಗಾಗಿ ತಳದಲ್ಲಿ ಒಂದು ರಾಡಿನ ಪಾಲಿಗೆ 0.94 ಚದರ ಮೀಟರಿಗಿಂತ ಹೆಚ್ಚು ಬರಬಾರದು. 1.2 ಮೀಟರಿಗೊಂದರಂತೆ ಎರಡೂ ದಿಕ್ಕಿಗೆ ಹಾಕಿದ್ದರೆ 1.44 ಚದರ ಮೀಟರಾಯಿತು, ರಾಡಿನ ಮೇಲೆ 130 ದಾಟುತ್ತದೆ. ನಿಧಾನವಾಗಿ ತುಂಬಿದರೆ ಕೆಳಗಿನದು ಬಿಗಿದುಕೊಂಡು ಒತ್ತಡ ಕಡಿಮೆಯಾಗುತ್ತದೆ ನಿಜ. ಆದರೆ ನಾಲ್ಕು ಗಂಟೆ ಹರಿವು ಉಳಿಸಿಕೊಳ್ಳುವ ರಾಸಾಯನಿಕ ಹಾಕಿ, ಚಳಿಯಲ್ಲಿ ಸುರಿದು, ಆ ರಿಯಾಯಿತಿಯನ್ನು ನಿರೀಕ್ಷಿಸಬಾರದು. ಅಚ್ಚಿನ ತಳದಿಂದ ಪಂಪ್ ಮಾಡಿದರಂತೂ ಒತ್ತಡ ದ್ರವದ ಲೆಕ್ಕಕ್ಕಿಂತಲೂ ಮೇಲೆ ಹೋಗುತ್ತದೆ.

ಕೋರ್ ಗೋಡೆಗಳನ್ನು ಸಾಮಾನ್ಯವಾಗಿ ಹೈಡ್ರಾಲಿಕ್‌ನಿಂದ ತಾನೇ ಏರುವ ಅಚ್ಚಿನಲ್ಲಿ ಕಟ್ಟುತ್ತಾರೆ. ಅಚ್ಚು, ಕೆಲಸದ ಅಟ್ಟಣಿಗೆಗಳು, ಕಂಬಿಯ ರಾಶಿ, ಜನ, ಗಾಳಿಯ ಒತ್ತಡ ಎಲ್ಲವೂ ತೂಗುವುದು ಕೆಳಗಿನ ಹಂತದ ಗೋಡೆಯಲ್ಲಿ ಹೂತಿಟ್ಟ ಆಂಕರ್ ಕೋನುಗಳ ಮೇಲೆ. ಆ ಗೋಡೆಯ ವಯಸ್ಸು ಒಂದು ದಿನವೋ ಎರಡು ದಿನವೋ. ಅಚ್ಚು ತಯಾರಿಸಿದವರು ಕೊಟ್ಟ ಕನಿಷ್ಠ ಶಕ್ತಿ, ಸಾಮಾನ್ಯವಾಗಿ 10 ಮೆಗಾಪ್ಯಾಸ್ಕಲ್ ಅಥವಾ ಹೆಚ್ಚು, ಬಂದಿದೆ ಎಂದು ಅಳೆದು ತಿಳಿದ ಮೇಲೆಯೇ ಏರಿಸಬೇಕು. ಗಡಿಯಾರ ನೋಡಿ ಏರಿಸುವುದಲ್ಲ. 1978ರ ಏಪ್ರಿಲ್ 27ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲೋ ಐಲೆಂಡಿನಲ್ಲಿ ಕಟ್ಟುತ್ತಿದ್ದ ಕೂಲಿಂಗ್ ಟವರಿನ ಅಟ್ಟಣಿಗೆ ಹಿಂದಿನ ದಿನ ಸುರಿದ ಕಾಂಕ್ರೀಟಿಗೆ ಕಟ್ಟಿಕೊಂಡಿತ್ತು. ಚಳಿಗೆ ಅದು ಸಾಕಷ್ಟು ಗಟ್ಟಿಯಾಗಿರಲಿಲ್ಲ. ಕಾಂಕ್ರೀಟ್ ಕಿತ್ತು ಬಂದು 51 ಕಾರ್ಮಿಕರು ಸತ್ತರು.

ಶಕ್ತಿ ಅಳೆಯಲು ಲ್ಯಾಬಿನ ನೀರಿನ ತೊಟ್ಟಿಯಲ್ಲಿಟ್ಟ ಕ್ಯೂಬ್ (ಒಡೆದು ಪರೀಕ್ಷಿಸುವ ಕಾಂಕ್ರೀಟ್ ತುಂಡು) ಬೇಡ. ಅದು ಬೆಚ್ಚಗಿದೆ, ಗೋಡೆ ಚಳಿಗಾಳಿಯಲ್ಲಿದೆ. ಗೋಡೆಯ ಪಕ್ಕದಲ್ಲೇ ಇಟ್ಟ ಕ್ಯೂಬ್, ಇಲ್ಲವೇ ಒಳಗೆ ಹೂತಿಟ್ಟ ತಾಪಮಾನ ಸೆನ್ಸರಿನಿಂದ ಲೆಕ್ಕ ಹಾಕುವ ಮೆಚ್ಯೂರಿಟಿ ವಿಧಾನ, ಇವೆರಡರಲ್ಲಿ ಒಂದಾದರೂ ಇರಲಿ.

ಸ್ಲ್ಯಾಬು, ಪ್ರಾಪು, ಕೆಳಗಿನ ಮಹಡಿಗಳು

200 ಮಿ.ಮೀ. ಸ್ಲ್ಯಾಬ್ ಕಂಬಿ ಸಹಿತ ಚದರ ಮೀಟರಿಗೆ 5 ಕಿಲೋನ್ಯೂಟನ್. ಶಟರಿಂಗ್ 0.5, ಜನ ಮತ್ತು ಸಲಕರಣೆಗೆ 2.4. ಒಟ್ಟು 7.9. ಪ್ರಾಪುಗಳು 1.2 ಮೀಟರಿಗೊಂದು ಇದ್ದರೆ ತಲಾ 11.4 ಕಿಲೋನ್ಯೂಟನ್, ಅಂದರೆ 1.2 ಟನ್ನಿಗೆ ಹತ್ತಿರ. ಪ್ರಾಪಿನ ಮೇಲೆ ಅಚ್ಚೊತ್ತಿದ ಸಾಮರ್ಥ್ಯ ಎಷ್ಟು ಉದ್ದಕ್ಕೆ ಎಂಬುದನ್ನು ನೋಡಿ. ಬಾಗುವ ಸಾಮರ್ಥ್ಯ ಉದ್ದದ ವರ್ಗಕ್ಕೆ ವಿಲೋಮ, 2.5 ಮೀಟರಿನಿಂದ 3.5 ಮೀಟರಿಗೆ ಎಳೆದರೆ ಅರ್ಧಕ್ಕೆ ಇಳಿಯುತ್ತದೆ. ಪಿನ್ ಕಳೆದುಹೋಗಿದೆ ಎಂದು ಕಂಬಿಯ ತುಂಡು ತೂರಿಸುವುದು, ಎತ್ತರ ಸಾಲದು ಎಂದು ಇಟ್ಟಿಗೆ ಚೂರು ಇಡುವುದು, ಓರೆಯಾಗಿ ನಿಲ್ಲಿಸುವುದು: ಈ ಮೂರೂ ಕಂಡರೆ ಕಾಂಕ್ರೀಟ್ ಶುರು ಮಾಡಲು ಬಿಡಬಾರದು. ಸುರಿಯುವಾಗ ಬೂಮನ್ನು ಒಂದೇ ಕಡೆ ಹಿಡಿದು ಗುಡ್ಡೆ ಹಾಕಿಸಬೇಡಿ. ಮೀಟರ್ ಎತ್ತರದ ಗುಡ್ಡೆ ಎಂದರೆ ಚದರ ಮೀಟರಿಗೆ 24 ಕಿಲೋನ್ಯೂಟನ್, ಲೆಕ್ಕಕ್ಕಿಂತ ಮೂರು ಪಟ್ಟು.

ಈಗ ಆ ಪ್ರಾಪುಗಳ ಕಾಲು ಊರಿರುವ ಮಹಡಿಯನ್ನು ನೋಡಿ. ಆ ಸ್ಲ್ಯಾಬ್ ತನ್ನ 5 ಹೊತ್ತು, ಮೇಲಿನ 7.9 ಹೊತ್ತರೆ ಸುಮಾರು 13. ಮನೆ ಅಥವಾ ಕಚೇರಿಗಾಗಿ ರೂಪಿಸಿದ ಸ್ಲ್ಯಾಬಿನ ಬಳಕೆಯ ಭಾರ ಎಲ್ಲ ಸೇರಿ 9–10 ಇರಬಹುದು, ಅದೂ ಪೂರ್ತಿ ಬಲಿತ ಮೇಲೆ. ಐದು ದಿನದ ಸ್ಲ್ಯಾಬಿಗೆ 13 ಹೊರಿಸುವುದು ಆಗದ ಮಾತು. ಅದಕ್ಕೇ ಭಾರವನ್ನು ಎರಡು ಮೂರು ಮಹಡಿಗಳಿಗೆ ಹಂಚಬೇಕು, ಒಂದರ ಕೆಳಗೆ ಒಂದು ನೇರಕ್ಕೆ ಪ್ರಾಪು ನಿಲ್ಲಿಸಿ. ಹೆಚ್ಚು ಮಹಡಿಗಳಲ್ಲಿ ಪ್ರಾಪು ಇಟ್ಟಷ್ಟೂ ಸುರಕ್ಷಿತ ಎಂಬ ನಂಬಿಕೆಯನ್ನು ಗ್ರಂಡಿ ಮತ್ತು ಕಬೈಲಾ ಎಂಬ ಸಂಶೋಧಕರು 1963ರಲ್ಲಿ ಪ್ರಕಟಿಸಿದ ಲೆಕ್ಕ ಅಲುಗಾಡಿಸಿತು. ಮೂರು ಹಂತದ ಪ್ರಾಪುಗಳನ್ನು ಬಿಚ್ಚದೆ ಮೇಲೇರುತ್ತ ಹೋದರೆ ಒಂದು ಸ್ಲ್ಯಾಬಿನ ಮೇಲೆ ಅದರ ಸ್ವಂತ ತೂಕದ 2.36 ಪಟ್ಟು ಭಾರ ಬೀಳಬಲ್ಲದು. ಕೆಳಗಿನ ಸ್ಲ್ಯಾಬುಗಳು ತಮ್ಮ ಸ್ವಂತ ತೂಕವನ್ನೂ ಪ್ರಾಪುಗಳ ಮೂಲಕ ಕೆಳಕ್ಕೆ ರವಾನಿಸುತ್ತಿರುವುದೇ ಇದಕ್ಕೆ ಕಾರಣ.

ರೀಶೋರಿಂಗ್ ಪದ್ಧತಿ ಹುಟ್ಟಿದ್ದು ಇದನ್ನು ತಪ್ಪಿಸಲು. ಸ್ಲ್ಯಾಬಿಗೆ ಬೇಕಾದ ಶಕ್ತಿ ಬಂದ ಮೇಲೆ ಶಟರಿಂಗನ್ನೂ ಪ್ರಾಪನ್ನೂ ಒಂದು ಸಣ್ಣ ಭಾಗದಲ್ಲಿ ಪೂರ್ತಿ ಬಿಚ್ಚಿ. ಸ್ಲ್ಯಾಬ್ ಸ್ವಲ್ಪ ತಗ್ಗಿ ತನ್ನ ತೂಕ ತಾನೇ ಹೊರಲಿ. ಆಮೇಲೆ ಅದೇ ಜಾಗದಲ್ಲಿ ಪ್ರಾಪುಗಳನ್ನು ಕೈಬಿಗಿಯಾಗುವಷ್ಟು ಮಾತ್ರ ತಿರುಗಿಸಿ ನಿಲ್ಲಿಸಿ, ಸನ್ನೆ ಹಾಕಿ ಎತ್ತಬೇಡಿ. ಎತ್ತಿದರೆ ಇಳಿಸಿದ ಭಾರವನ್ನೇ ಮತ್ತೆ ಹೇರಿದಂತೆ, ಜೊತೆಗೆ ಸ್ಲ್ಯಾಬಿನ ಮೇಲ್ಭಾಗ ಬಿರುಕು ಬಿಡುತ್ತದೆ. ಆ ಭಾಗ ಮುಗಿಸಿ ಪಕ್ಕದ ಭಾಗಕ್ಕೆ ಹೋಗಿ. ಇಡೀ ಮಹಡಿಯನ್ನು ಒಮ್ಮೆಗೇ ಬರಿದು ಮಾಡಬಾರದು, ಮೇಲೆ ಕಾಂಕ್ರೀಟ್ ಸುರಿಯುತ್ತಿರುವಾಗ ಕೆಳಗೆ ಯಾವುದನ್ನೂ ಬಿಚ್ಚಬಾರದು. ಒಂದೇ ಕಡೆ ಆಧಾರವಿರುವ ಅಂಚಿನ ಕ್ಯಾಂಟಿಲಿವರಿನಲ್ಲಿ ತುದಿಯಿಂದ ಆಧಾರದ ಕಡೆಗೆ, ಎರಡು ಆಧಾರಗಳ ನಡುವಿನ ಸ್ಲ್ಯಾಬಿನಲ್ಲಿ ಮಧ್ಯದಿಂದ ಆಧಾರದ ಕಡೆಗೆ ಬಿಚ್ಚುತ್ತ ಬನ್ನಿ.

1973ರ ಮಾರ್ಚ್ 2ರಂದು ವರ್ಜೀನಿಯಾದ ಬೇಲಿಸ್ ಕ್ರಾಸ್‌ರೋಡ್ಸಿನಲ್ಲಿ ಕಟ್ಟುತ್ತಿದ್ದ ಸ್ಕೈಲೈನ್ ಪ್ಲಾಜಾದ ಗೋಪುರದಲ್ಲಿ ಮೇಲಿನ ಮಹಡಿಯ ಪ್ರಾಪುಗಳನ್ನು ಅವಧಿಗೆ ಮುಂಚೆ ತೆಗೆದರು. ಎಳೆಯ ಸ್ಲ್ಯಾಬನ್ನು ಕಂಬಗಳು ತೂತು ಹೊಡೆದವು, ಒಂದು ಮಹಡಿ ಇನ್ನೊಂದರ ಮೇಲೆ ಬೀಳುತ್ತ ನೆಲದ ತನಕ ಕುಸಿಯಿತು. 14 ಮಂದಿ ಸತ್ತರು. ಬೀಮಿಲ್ಲದ ಫ್ಲ್ಯಾಟ್ ಸ್ಲ್ಯಾಬಿನಲ್ಲಿ ಕಂಬದ ಸುತ್ತಲಿನ ಜಾಗವೇ ಮೊದಲು ಸೋಲುವುದು, ಹಾಗಾಗಿ ಶಕ್ತಿಯ ಪರೀಕ್ಷೆಯನ್ನು ಅಲ್ಲಿನ ಕಾಂಕ್ರೀಟಿಗೇ ಮಾಡಿ, ಕಡೆಯ ಮಿಕ್ಸರಿನಿಂದ ಬಂದ, ಎಲ್ಲಕ್ಕಿಂತ ಎಳೆಯ ಭಾಗದಿಂದಲೂ ಕ್ಯೂಬ್ ತೆಗೆದಿಟ್ಟುಕೊಳ್ಳಿ.

ಪ್ರತಿ ಮಹಡಿಗೂ ಒಂದು ಹಾಳೆ ಗೋಡೆಗೆ ಅಂಟಿಸುವುದು ಕೆಲಸಕ್ಕೆ ಬರುತ್ತದೆ: ಸುರಿದ ದಿನ, ಅಳೆದ ಶಕ್ತಿ, ಪ್ರಾಪು ಇರಬೇಕಾದ ಕಡೆಯ ದಿನ, ಬಿಚ್ಚಲು ಸಹಿ ಮಾಡಬೇಕಾದವರು. ಪೈಪು ಮತ್ತು ಬೂಮ್ ಹಾದುಹೋದ ತೂತುಗಳನ್ನು ಮುಚ್ಚುವಾಗ ಅಂಚನ್ನು ಒರಟಾಗಿ ಕೆತ್ತಿ, ಮೊದಲೇ ಬಿಟ್ಟ ಕಂಬಿಗಳಿಗೆ ಜೋಡಿಸಿ ಕಟ್ಟಿ, ಕುಗ್ಗದ ಗಾರೆ ಅಥವಾ ಅದೇ ದರ್ಜೆಯ ಕಾಂಕ್ರೀಟಿನಿಂದ ತುಂಬಿ. ಅದು ಬಲಿಯುವವರೆಗೆ ಆ ತೂತಿನ ಸುತ್ತಲಿನ ಪ್ರಾಪುಗಳನ್ನು ಕದಲಿಸಬೇಡಿ.